ಮನೆಯಲ್ಲಿ ಡಿಮೆನ್ಶಿಯಾ ಇದ್ದವರನ್ನು ನೋಡಿಕೊಳ್ಳುವವರಿಗೆ ನಾಟಕದ ತಾಲೀಮು: ನಮ್ಮ ಕಡೆ ನಡೀತದಾ?

ವಿದ್ಯಾಗಿರಿ ಸೊಸೆ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇದ್ದವರ ಮನೆಯವರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳ್ತಾ ಇದ್ದೇನೆ.

ಅಮೆರಿಕದಲ್ಲಿ ಕೆಲವು ಕಡೆ, ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುವವರಿಗೆ ಇಂಪ್ರೊವೈಸೇಶನ್ ಕಲಿಸ್ತಾರೆ. ಬರೆದಿಟ್ಟ ಮಾತು ಇರೋದಿಲ್ಲ. ಎದುರಿನವರು ಹೇಳಿದ್ದನ್ನು ಹಿಡಿದು ಅಲ್ಲೇ ಕಟ್ಟಿ ಆಡುವ ನಾಟಕ. ಶಿಕಾಗೋದ ಸೆಕೆಂಡ್ ಸಿಟಿ ಎಂಬ ಹಾಸ್ಯ ನಾಟಕ ಸಂಸ್ಥೆ ಆರೈಕೆ ಮಾಡುವವರಿಗೆಂದೇ ಇಂಥ ಪಾಠ ಮಾಡಿದೆ. ಕ್ಯಾರೆನ್ ಸ್ಟೋಬಿ ಎಂಬ ನಟಿ ಇನ್ನೊಬ್ಬರು. ಅವರ ತಂದೆಗೆ ಆಲ್ಝೈಮರ್ (ಡಿಮೆನ್ಶಿಯಾದ ಒಂದು ಬಗೆ) ಬಂತು, ಆಮೇಲೆ ತಾಯಿಗೂ ಬಂತು. ರಂಗದ ಮೇಲೆ ತಾವು ಪಾಲಿಸುತ್ತಿದ್ದ ನಿಯಮಗಳು ಮನೆಯಲ್ಲೂ ಕೆಲಸಕ್ಕೆ ಬರ್ತಾವೆ ಅಂತ ಅವರು ಬೇರೆಯವರಿಗೂ ಕಲಿಸ್ತಾರೆ. ಮುಖ್ಯ ನಿಯಮ ಇದು: ಎದುರಿನವರು ಏನು ಹೇಳಿದರೂ ಮೊದಲು "ಹೌದು" ಅನ್ನು, ಆಮೇಲೆ ಅದಕ್ಕೆ ನಿನ್ನದೊಂದು ಮಾತು ಸೇರಿಸು. ವಾದಕ್ಕೆ ಇಳಿಯಬೇಡ.

ನಮ್ಮ ಅತ್ತೆಯವರು ಕನ್ನಡ ಸಾಲಿ ಅಕ್ಕೋರು ಆಗಿದ್ದವರು. ಸಂಜೆ ಆದರೆ ಸಾಕು, "ಸಾಲಿಗೆ ಹೊತ್ತಾತು" ಅಂತ ಚೀಲ ಹಿಡಿದು ಬಾಗಿಲಿಗೆ ಬಂದು ನಿಲ್ತಾರೆ. ಮಾವನವರು "ನೀ ರಿಟೈರ್ ಆಗಿ ಎಷ್ಟ ವರ್ಷಾತು, ಸುಮ್ನ ಕೂಡು" ಅಂತಾರೆ. ಅಲ್ಲಿಂದ ಶುರು. ಊಟದ ತನಕ ಮನೆ ರಣರಂಗ.

ನನ್ನ ಪ್ರಶ್ನೆ: ಈ ತರಹದ ತಾಲೀಮನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಮಾಡಿದ್ದೀರಾ? ನಾಟಕದವರು ಯಾರಾದರೂ ಕಲಿಸ್ತೀರಾ? ಔಷಧಿ ಚೀಟಿ ಎಲ್ಲ ಸರಿಯಾಗಿದೆ. ಮಾತಾಡೋದು ಹೆಂಗೆ ಅಂತ ಯಾರೂ ಹೇಳಿಕೊಟ್ಟಿಲ್ಲ.

ನವನಗರ ನಿವೃತ್ತ (ಹುಬ್ಬಳ್ಳಿ)

ತಂಗಿ, ಬೇಜಾರು ಮಾಡ್ಕೋಬೇಡಿ, ನನಗಿದು ಸರಿ ಅನಿಸೋದಿಲ್ಲ. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವನು. ನಾಟಕ ನೋಡಿದ್ದೇನೆ, ಆಡಿಲ್ಲ. ನಮ್ಮ ಮನೆಯವಳಿಗೂ ಇದೇ ಕಾಯಿಲೆ. ಅವಳು ದಿನಾ ಅವರಪ್ಪನನ್ನು ಕೇಳ್ತಾಳೆ. ಅವರು ತೀರಿಕೊಂಡು ಬಹಳ ಕಾಲ ಆಯಿತು. "ಹೌದು, ಬರ್ತಾರೆ" ಅಂದರೆ ಸುಳ್ಳಲ್ವಾ? ಮದುವೆಯಾದಾಗಿನಿಂದ ಅವಳ ಮುಂದೆ ಸುಳ್ಳಾಡಿದವನಲ್ಲ ನಾನು. ಈಗ ಅವಳಿಗೆ ತಿಳಿಯೋದಿಲ್ಲ ಅಂತ ಶುರು ಮಾಡಲೇನು? ತಿಳಿಯದವರಿಗೆ ಹೇಳುವ ಸುಳ್ಳು ಇನ್ನೂ ಕೆಟ್ಟದ್ದು.

ಮತ್ತೆ ಇದು ಹಾಸ್ಯ ನಾಟಕದವರ ವಿದ್ಯೆ ಅಂತೀರಿ. ನಮ್ಮ ಮನೆಯಲ್ಲಿ ನಗುವಂಥದ್ದು ಏನೂ ನಡೆದಿಲ್ಲ.

ತಾಲೀಮು ಮನೆ (ಧಾರವಾಡ)

ಹಿರಿಯರ ಮಾತಿನಿಂದಲೇ ಶುರು ಮಾಡ್ತೇನೆ. ನಾನು ಹವ್ಯಾಸಿ ರಂಗಭೂಮಿಯವನು, ಮಕ್ಕಳಿಗೆ ಬೇಸಿಗೆ ಶಿಬಿರ ಮಾಡ್ತೇನೆ. ಈ ಆಟಗಳು ಹುಟ್ಟಿದ್ದು ನಗಿಸೋಕಲ್ಲ. ವಯೋಲಾ ಸ್ಪೋಲಿನ್ ಎಂಬ ಹೆಣ್ಣುಮಗಳು, 1906ರಲ್ಲಿ ಹುಟ್ಟಿದವರು, ಶಿಕಾಗೋದಲ್ಲಿ ನೇವಾ ಬಾಯ್ಡ್ ಎಂಬ ಸಮಾಜಸೇವಕಿಯ ಕೈಕೆಳಗೆ ಕಲಿತರು. ಬೇರೆ ಬೇರೆ ದೇಶದಿಂದ ವಲಸೆ ಬಂದ ಬಡವರ ಮಕ್ಕಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಂಥವರನ್ನು ಒಟ್ಟಿಗೆ ಕೂಡಿಸೋಕೆ ಕಟ್ಟಿದ ಆಟಗಳು ಇವು. ಸ್ಪೋಲಿನ್ ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಗೆಳೆಯರ ಜೊತೆ ಸೆಕೆಂಡ್ ಸಿಟಿ ಶುರು ಮಾಡಿದರು. ಹಾಸ್ಯ ಬಂದದ್ದು ಆಮೇಲೆ. ಅಂದರೆ ಮಾತು ಕೂಡದ ಕಡೆ ಮನುಷ್ಯರನ್ನು ಕೂಡಿಸೋದೇ ಇದರ ಮೂಲ ಕೆಲಸ.

ನಮ್ಮ ಕಡೆಯವರಿಗಂತೂ ಇದು ಹೊಸದೇ ಅಲ್ಲ. ಸಣ್ಣಾಟದಲ್ಲಿ ಹಾಡು ಗಟ್ಟಿ ಇರ್ತದೆ, ನಡುವಿನ ಮಾತು ಎಷ್ಟೋ ಸಲ ಅಲ್ಲೇ ಹುಟ್ಟೋದು. ಕಂಪನಿ ನಾಟಕದಲ್ಲಿ ಹಾಸ್ಯಗಾರ ಆ ಊರಿನ ಸುದ್ದಿ ಎತ್ತಿ ಮಾತು ಬೆಳೆಸ್ತಾನೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಎದುರಿಗೆ ನಿಂತ ನಟ ಮಾತು ಮರೆತುಬಿಟ್ಟ ಅಂತ ಇಟ್ಟುಕೊಳ್ಳಿ. ಒಳ್ಳೆಯ ನಟ ಏನು ಮಾಡ್ತಾನೆ? "ನಿನ್ನ ಡೈಲಾಗ್ ಇದಲ್ಲ" ಅಂತ ಪ್ರೇಕ್ಷಕರ ಮುಂದೆ ಹೇಳ್ತಾನಾ? ಅವನ ಮರೆವನ್ನು ತನ್ನ ಮಾತಿನಲ್ಲಿ ಮುಚ್ಚಿ, ಅವನ ಮರ್ಯಾದೆ ಉಳಿಸಿ, ಆಟ ಮುಂದೆ ಒಯ್ತಾನೆ. ಕಂಪನಿಯಲ್ಲಿ ಬೆಳೆದ ಹಳೆಯ ನಟರಿಗೆ ಇದು ರಕ್ತದಲ್ಲೇ ಇರ್ತದೆ.

ಈಗ ಸುಳ್ಳಿನ ಪ್ರಶ್ನೆ. "ಹೌದು" ಅನ್ನೋದು ಅಪ್ಪ ಬದುಕಿದ್ದಾರೆ ಅನ್ನೋದಕ್ಕಲ್ಲ. "ಅಪ್ಪನ ನೆನಪು ಬಂತಾ" ಅನ್ನೋದಕ್ಕೆ. ನೆನಪು ಬಂದದ್ದು ನಿಜ ತಾನೇ? ಅದಕ್ಕೆ ಹೌದು ಅನ್ನಿ. ಆಮೇಲೆ ಸೇರಿಸೋ ಮಾತು: "ನಿಮ್ಮಪ್ಪ ಪೇಟೆಯಿಂದ ಬರುವಾಗ ನಿನಗೇನು ತರ್ತಿದ್ದರು?" ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.

ನೈಟ್ ಡ್ಯೂಟಿ (ಗದಗ)

ನಾನು ನರ್ಸ್. ಹಿರಿಯರ ವಾದಕ್ಕೆ ಬಲವಿದೆ, ಅದನ್ನು ಸುಮ್ನೆ ತಳ್ಳಿಹಾಕಬೇಡಿ. ನೇಯೋಮಿ ಫೈಲ್ ಅಂತ ಒಬ್ಬರಿದ್ದರು. 1932ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹುಟ್ಟಿ, ಅಮೆರಿಕದ ಕ್ಲೀವ್‌ಲ್ಯಾಂಡಿನ ಒಂದು ವೃದ್ಧಾಶ್ರಮದಲ್ಲಿ ಬೆಳೆದವರು, 2023ರಲ್ಲಿ ತೀರಿಕೊಂಡರು. ಮರೆವಿನವರ ಜೊತೆ ಮಾತಾಡೋ ವ್ಯಾಲಿಡೇಶನ್ ಎಂಬ ಕ್ರಮ ಕಟ್ಟಿದ್ದು ಅವರೇ. ಅವರು ತಿದ್ದಲೂ ಬೇಡಿ, ಸುಳ್ಳೂ ಹೇಳಬೇಡಿ ಅಂತಿದ್ದರು. ಒಳಗೆಲ್ಲೋ ಆ ಮನುಷ್ಯನಿಗೆ ನಿಜ ಗೊತ್ತಿರ್ತದೆ, ಸುಳ್ಳು ಹೇಳಿದರೆ ನಿಮ್ಮ ಮೇಲಿನ ನಂಬಿಕೆ ಹೋಗ್ತದೆ ಅಂತ ಅವರ ಅಭಿಪ್ರಾಯ. ಹಾಗಾಗಿ ಸರ್, ನೀವು ಒಬ್ಬರೇ ಅಲ್ಲ.

ತಿದ್ದಬಾರದು ಯಾಕೆ ಅಂತ ಒಂದು ಮಾತು. ಆಲ್ಝೈಮರ್‌ನಲ್ಲಿ ಮೊದಲು ಕೆಡೋದು ಹೊಸ ನೆನಪು ಕೂಡಿಡುವ ಮೆದುಳಿನ ಭಾಗ. "ನಿಮ್ಮಪ್ಪ ಸತ್ತು ಬಹಳ ದಿನ ಆಯ್ತು" ಅಂದರೆ ಅವರಿಗೆ ಅದು ಹಳೆಯ ಸುದ್ದಿ ಅಲ್ಲ. ಈಗಷ್ಟೇ ಸತ್ತ ಹಾಗೆ. ಒಂದು ತಾಸಿನಲ್ಲಿ ಸುದ್ದಿ ಮರೀತಾರೆ, ದುಃಖ ಮಾತ್ರ ಉಳೀತದೆ. ಇದು ನಾನು ಕಟ್ಟಿ ಹೇಳ್ತಿರೋದಲ್ಲ. 2014ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಆಲ್ಝೈಮರ್ ಇದ್ದ 17 ಜನರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕು ತೋರಿಸಿದರು. ಸ್ವಲ್ಪ ಹೊತ್ತಿಗೆ ಏನು ನೋಡಿದೆವು ಅನ್ನೋದು ಅವರಿಗೆ ಹೆಚ್ಚುಕಮ್ಮಿ ಮರೆತೇ ಹೋಗಿತ್ತು. ಮನಸ್ಸಿನ ದುಃಖ, ಸಂತೋಷ ಆಮೇಲೂ ಉಳಿದಿತ್ತು. ಸಂಜೆ ಜಗಳ ಆದ ಮನೆಯಲ್ಲಿ ರಾತ್ರಿ ಅವರು ಕಾರಣ ಗೊತ್ತಿಲ್ಲದೆ ಅಳೋದು ಇದಕ್ಕೇ.

ಇನ್ನೊಂದು. ಎರಡೇ ದಿನದಲ್ಲಿ ನಡವಳಿಕೆ ಪೂರ್ತಿ ಬದಲಾದರೆ, ಅಥವಾ ಇದ್ದಕ್ಕಿದ್ದಂತೆ ಮಂಕಾದರೆ, ತಾಲೀಮು ಗೀಲೀಮು ಪಕ್ಕಕ್ಕಿಡಿ. ಮೊದಲು ಡಾಕ್ಟರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆ ಕುಡಿದದ್ದು, ಹೊಸ ಮಾತ್ರೆ, ಏನೂ ಇರಬಹುದು. ನೆಗಡಿಗೆ ಅಂತ ಅಂಗಡಿಯಿಂದ ತರುವ ಕೆಲವು ಮಾತ್ರೆಗಳೂ ವಯಸ್ಸಾದವರ ತಲೆ ಕೆಡಿಸ್ತಾವೆ. ಇನ್ನೂ ಪರೀಕ್ಷೆಯೇ ಮಾಡಿಸದವರು ಇದ್ದರೆ, "ಅರವತ್ತಕ್ಕೆ ಅರಳು ಮರಳು" ಅಂತ ಕೂಡಬೇಡಿ. ಬಿ12 ಮತ್ತು ಥೈರಾಯ್ಡ್ ಕಮ್ಮಿಯಾದರೂ ಮರೆವು ಬರ್ತದೆ, ಅದಕ್ಕೆ ಔಷಧಿ ಇದೆ. ಕಿವಿಯನ್ನೂ ತೋರಿಸಿ. ಕೇಳಿಸದವರ ಜೊತೆ ಎಂಥ ದೊಡ್ಡ ನಟ ಮಾತಾಡಿದರೂ ಅಷ್ಟೇ.

ವಿದ್ಯಾಗಿರಿ ಸೊಸೆ

ಎಲ್ಲರಿಗೂ ಧನ್ಯವಾದ. ಈ ವಾರ ಮಾಡಿ ನೋಡಿದೆ. ಸಂಜೆ "ಸಾಲಿಗೆ ಹೊತ್ತಾತು" ಅಂದಾಗ, "ಹೌದ್ರೀ ಅಕ್ಕೋರ, ಇವತ್ತ ಯಾವ ಪಾಠ ಐತ್ರಿ?" ಅಂತ ಕೇಳಿದೆ. ಚೀಲ ಕೆಳಗಿಟ್ಟರು. "ಮಗ್ಗಿ" ಅಂದರು. ಹದಿಮೂರರ ಮಗ್ಗಿ ನನ್ನಿಂದ ಹೇಳಿಸಿದರು. ಹದಿಮೂರೇಳಲೆ ನಾನು ತಡವರಿಸಿದ್ದಕ್ಕೆ ಬೈಸಿಕೊಂಡೆ, ಅವರಿಗೆ ಸರಿಯಾಗಿ ಗೊತ್ತಿತ್ತು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಶಾಲೆಯ ಮಾತು ಅಲ್ಲಿಗೆ ನಿಂತಿತು.

ಸರಿ, ದಾರಿ ಸಿಕ್ತು ಅಂದುಕೊಂಡೆ. ಮರುದಿನ ಅದೇ ಮಾತು ಹೇಳಿದರೆ ಮುಖ ಗಂಟು ಹಾಕಿದರು. "ನನಗ ಅಕ್ಕೋರ ಅಂತ ಯಾಕ ಕರೀತಿ? ನೀ ನಮ್ಮ ಸೊಸಿ ಅಲ್ಲೇನು? ಚ್ಯಾಷ್ಟಿ ಮಾಡ್ತೀಯೇನು?" ನನಗೆ ಒಂದು ಕಡೆ ನಗು, ಒಂದು ಕಡೆ ಭಯ. ಇದಕ್ಕೇನು ಹೇಳ್ತೀರಿ ತಾಲೀಮು ಸರ್?

ತಾಲೀಮು ಮನೆ

ಇದನ್ನೇ ಯಾರಾದರೂ ಎತ್ತಲಿ ಅಂತ ಕಾಯ್ತಾ ಇದ್ದೆ! ಅಕ್ಕಾ, ಮೊದಲ ದಿನ ನೀವು ಆಡಿದ್ದು ಇಂಪ್ರೊವೈಸೇಶನ್. ಎರಡನೇ ದಿನ ಆಡಿದ್ದು ಬಾಯಿಪಾಠ. ಅವತ್ತು ಅವರು ಸೊಸೆಯ ಜೊತೆ ಮಾತಾಡೋಕೆ ಬಂದಿದ್ದರು, ನೀವು ಹಿಂದಿನ ದಿನದ ದೃಶ್ಯ ಹಿಡಿದುಕೊಂಡು ನಿಂತಿದ್ದಿರಿ. ಅವತ್ತಿನ "ಹೌದು" ಅಂದರೆ, "ಹೌದ್ರೀ ಅತ್ತಿ, ನಾ ನಿಮ್ಮ ಸೊಸಿನ, ಬರ್ರಿ ಚಹಾ ಕುಡಿಯೋಣ." ಅಷ್ಟೇ.

ಜನ ಇದನ್ನು ವೇಷ ಹಾಕೋದು ಅಂದುಕೊಳ್ತಾರೆ. ಅಲ್ಲ. ಎದುರಿನವರು ಈಗ, ಈ ಗಳಿಗೆ, ಎಲ್ಲಿದ್ದಾರೆ ಅಂತ ಕೇಳಿಸಿಕೊಳ್ಳೋದು. ಅವರು ಹಳೆಯ ಕಾಲದಲ್ಲಿದ್ದರೆ ಅಲ್ಲಿಗೆ ಹೋಗು, ಇವತ್ತಿನಲ್ಲೇ ಇದ್ದರೆ ಇಲ್ಲೇ ಇರು. ಮೊದಲೇ ಯೋಚಿಸಿಟ್ಟ ಉತ್ತರ ಇದ್ದರೆ ಕಿವಿ ಮುಚ್ಚಿ ಹೋಗ್ತದೆ. ತರಬೇತಿ ಬೇಕಾಗಿರೋದು ಇದಕ್ಕೆ. ಓದಿದರೆ ಬರೋದಿಲ್ಲ, ಮೈಗೆ ಹತ್ತಬೇಕು.

ಹೆಂಗೆ ಹತ್ತಿಸ್ತಾರೆ ಹೇಳ್ತೇನೆ. ಇಬ್ಬರು ಎದುರುಬದುರು ನಿಲ್ತಾರೆ. ಒಬ್ಬ ಹೇಳ್ತಾನೆ: "ಸಿದ್ಧಾರೂಢ ಮಠದ ಜಾತ್ರೆಗೆ ಹೋಗೋಣು." ಮೊದಲ ಸುತ್ತಿನಲ್ಲಿ ಇನ್ನೊಬ್ಬ ಎಲ್ಲದಕ್ಕೂ "ಇಲ್ಲ" ಅನ್ನಬೇಕು. ಎರಡು ನಿಮಿಷದಲ್ಲಿ ಕೇಳುವವನ ಹೆಗಲು ಬಿಗೀತಾವೆ, ದನಿ ಏರ್ತದೆ. ಎರಡನೇ ಸುತ್ತು, "ಹೌದು, ಆದರ ಮಳಿ ಬಂದೀತು", "ಹೌದು, ಆದರ ಮೊಣಕಾಲ ನೋವು." ಇದು ಇನ್ನೂ ಕೆಟ್ಟದ್ದು! ಇಲ್ಲ ಅಂದದ್ದು ಒಂದೇ ಏಟು, ಇದು ಮೆಲ್ಲಗೆ ಹಿಂಡಿದ ಹಾಗೆ. ಮನೆಯಲ್ಲಿ ನಾವು ಜಾಸ್ತಿ ಮಾಡೋದು ಇದನ್ನೇ. ಮೂರನೇ ಸುತ್ತು, "ಹೌದು, ಮತ್ತ ತೇರಿಗೆ ಉತ್ತತ್ತಿ ಒಗಿಯೋಣು." "ಹೌದು, ಮತ್ತ ಮಿರ್ಚಿ ಗಿರ್ಮಿಟ್ ತಿನ್ನೋಣು." ಹೋಗದಿದ್ದರೂ ಜಾತ್ರೆ ಆಗಿಬಿಡ್ತದೆ. ಆಮೇಲೆ ಪಾತ್ರ ಅದಲು ಬದಲು. ಇದರ ಮುಖ್ಯ ಲಾಭ ಅಲ್ಲಿದೆ. ದಿನಾ "ಇಲ್ಲ" ಕೇಳಿಸಿಕೊಳ್ಳುವವರ ಜಾಗದಲ್ಲಿ ಒಂದು ಸಲ ನೀವು ನಿಲ್ಲಬೇಕು.

ಇನ್ನೊಂದು ಆಟದಲ್ಲಿ ಅರ್ಥವಿಲ್ಲದ ಶಬ್ದಗಳಲ್ಲಿ ಮಾತಾಡಬೇಕು, ಎದುರಿನವ ದನಿ ಮತ್ತು ಕೈ ನೋಡಿ ಉತ್ತರ ಕೊಡಬೇಕು. ಕಾಯಿಲೆ ಮುಂದುವರಿದು ಮಾತು ಕಲಸಿಹೋದವರ ಮನೆಯವರಿಗೆ ಇದು ತುಂಬಾ ಬೇಕಾಗ್ತದೆ. ಕನ್ನಡಿ ಆಟ, ಎತ್ತರ-ತಗ್ಗಿನ ಆಟ, ಇನ್ನೂ ಇವೆ. ಬಂದಾಗ ನೋಡೋಣ.

ಹಾನಗಲ್ಲ ಹೊಲ (ಹಾವೇರಿ)

ಪೇಟೆಯವರ ಮಾತು ಚಲೋ ಇದೆ. ಹಳ್ಳಿಯ ಕಥೆ ಕೇಳ್ರಿ. ನಮ್ಮಪ್ಪ "ಎತ್ತು ಮಾರಬೇಕು, ಸಂತಿಗೆ ಹೋಗೋಣ" ಅಂತಾನೆ. ಎತ್ತು ಮಾರಿ ಟ್ರ್ಯಾಕ್ಟರ್ ಬಂದು ಬಹಳ ದಿನ ಆಯಿತು. ನಾನು ಹೌದಪ್ಪಾ ಅಂದೆ. ಅವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಹೌದು ಅಂದರೆ ನಮ್ಮಪ್ಪ ಸುಮ್ನೆ ಕೂಡುವವನಲ್ಲ, ಮಾಡುವವನು. ಇನ್ನು ಹೊಲದ ಕಾಗದ. ದಾಯಾದಿಗಳು ಹೆಬ್ಬೆಟ್ಟು ಒತ್ತಿಸೋಕೆ ಬಂದರೆ ಅದಕ್ಕೂ ಹೌದು ಅನ್ನಲೇನು?

ನೈಟ್ ಡ್ಯೂಟಿ

ಅಣ್ಣಾ, ಅದಕ್ಕೆ ಖಂಡಿತ ಬೇಡ. ಕಾಗದಪತ್ರ, ದುಡ್ಡು, ಗ್ಯಾಸ್, ಗಾಡಿ ಕೀಲಿ, ಮಾತ್ರೆ ಡಬ್ಬಿ. ಇಲ್ಲಿ ನಾಟಕ ಇಲ್ಲ. ಬಾಯಲ್ಲಿ ಇಲ್ಲ ಅನ್ನೋ ಬದಲು ಕೈಗೆ ಸಿಗದ ಹಾಗೆ ಇಡಿ. ಸಿಲಿಂಡರ್ ವಾಲ್ವ್ ಬಂದ್ ಮಾಡಿ, ಕೀಲಿ ಬೇರೆ ಕಡೆ ಇಡಿ, ಜೇಬಿನಲ್ಲಿ ಮನೆಯವರ ಫೋನ್ ನಂಬರ್ ಬರೆದ ಚೀಟಿ ಹಾಕಿ. ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವರಿಗೆ, ಕಂಡಕ್ಟರ್‌ಗಳಿಗೆ ಮೊದಲೇ ಹೇಳಿಡಿ. ಹಳ್ಳಿಯಲ್ಲಿ ಈ ಒಂದು ಅನುಕೂಲ ಇದೆ, ಎಲ್ಲರಿಗೂ ಎಲ್ಲರೂ ಗೊತ್ತು. ಜಮೀನಿನ ವಿಷಯ ವಕೀಲರನ್ನು ಕೇಳಿ. ಕಾಯಿಲೆ ಶುರುವಿನಲ್ಲೇ, ಅವರಿಗೆ ತಿಳಿಯುವಾಗಲೇ ಕೇಳಿದರೆ ಒಳ್ಳೇದು.

ತಾಲೀಮು ಮನೆ

ಒಂದು ಮಾತು ಸೇರಿಸ್ತೇನೆ. ಒಪ್ಪಿಕೊಳ್ಳಬೇಕಾದದ್ದು ಮನಸ್ಸನ್ನು. ಯೋಜನೆಯನ್ನಲ್ಲ. "ಸಂತಿಗೆ ಹೋಗೋಣ" ಅಂದರೆ ಅಪ್ಪನಿಗೆ ಕೆಲಸ ಬೇಕಾಗಿದೆ, ಯಜಮಾನಿಕೆ ಬೇಕಾಗಿದೆ. "ಹೌದಪ್ಪಾ, ಎತ್ತಿಗೆ ಹಲ್ಲ ಎಷ್ಟಾಗಿರಬೇಕು? ಎಂಥಾದು ನೋಡಿ ತಗೋಬೇಕು?" ಅಂತ ಕೇಳಿ ನೋಡಿ. ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರೋ ಜಾಗಕ್ಕೆ ಮಾತು ಒಯ್ಯಿರಿ. ರಂಗದಲ್ಲಿ ಇದಕ್ಕೆ ಎತ್ತರ ಕೊಡೋದು ಅಂತೇವೆ. ನೀವು ಕುಳಿತು, ಅವರು ನಿಂತು ಹೇಳಲಿ.

ಹಾನಗಲ್ಲ ಹೊಲ

ಎತ್ತಿನ ಹಲ್ಲಿನ ಮೇಲೆ ನಮ್ಮಪ್ಪ ಒಂದು ತಾಸು ಮಾತಾಡಿದ. ಸುಳಿ ಲಕ್ಷಣ ಬೇರೆ. ಆಮೇಲೆ ಮತ್ತೆ ಚಪ್ಪಲಿ ಹುಡುಕಿದ, ಅದು ಬೇರೆ ಮಾತು. ಒಂದು ತಾಸು ಸಿಕ್ಕಿತಲ್ಲ, ಅಷ್ಟರಲ್ಲಿ ಹಾಲು ಕರೆದು ಬಂದೆ.

ಕೇಶ್ವಾಪುರ ಮಗಳು (ಹುಬ್ಬಳ್ಳಿ)

ಎಲ್ಲ ಓದಿದೆ. ಸಿಟ್ಟು ಬಂತು, ಬರೀತೇನೆ.

ರಾತ್ರಿ ಎರಡಕ್ಕೆ ನಮ್ಮವ್ವ ಎದ್ದು "ನೀ ಯಾರು, ನನ್ನ ಮನಿಗೆ ಕಳಿಸು" ಅಂತಾಳೆ. ಆ ಹೊತ್ತಿಗೆ ನಾನು ಕಲಾವಿದೆ ಆಗಬೇಕೇನು? ಬೆಳಿಗ್ಗೆ ನನಗೆ ಬ್ಯಾಂಕಿಗೆ ಹೋಗಬೇಕು. ಅಡುಗೆ, ಡೈಪರ್, ಮಾತ್ರೆ, ಈಗ ನಗುಮುಖದ ನಟನೆಯೂ ಸೇರಿತು. ಇದನ್ನೆಲ್ಲ ಕಲೀಬೇಕಾದವರು ಯಾರು? ನೋಡಿ, ಈ ಮಾತುಕತೆಯಲ್ಲೇ ನೋಡಿ: ಸೊಸೆ, ಮಗಳು, ನರ್ಸ್. ನಮ್ಮ ಅಣ್ಣ ಬೆಂಗಳೂರಿನಲ್ಲಿದ್ದಾನೆ. ರವಿವಾರ ವಿಡಿಯೋ ಕಾಲ್ ಮಾಡಿ "ಅವ್ವಾ, ನಾ ಯಾರು ಹೇಳು ನೋಡೋಣು" ಅಂತ ಪರೀಕ್ಷೆ ಇಡ್ತಾನೆ. ಅವಳು ಫೇಲಾಗ್ತಾಳೆ. ಅಳ್ತಾಳೆ. ಕಾಲ್ ಮುಗೀತದೆ. ಸೋಮವಾರದ ತನಕ ನಾನು ಸಮಾಧಾನ ಮಾಡಬೇಕು. ಮೊದಲು ತರಬೇತಿ ಅವನಿಗೆ ಕೊಡಿ.

ನವನಗರ ನಿವೃತ್ತ

ಈ ತಂಗಿಯ ಮಾತಿಗೆ ನನ್ನ ಸಹಿ ಇದೆ. ನಾನು ಗಂಡಸು, ನಾನೇ ನೋಡಿಕೊಳ್ತೇನೆ, ಆದರೂ ಹೇಳ್ತೇನೆ.

ನೈಟ್ ಡ್ಯೂಟಿ

ಅಕ್ಕಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ರಾತ್ರಿ ಎರಡಕ್ಕೆ ಏನೂ ಕಟ್ಟಬೇಡಿ. "ಹೌದು, ಬೆಳಗಾಗಲಿ" ಅಷ್ಟು ಸಾಕು. ನೀರು ಕೊಡಿ, ಬಚ್ಚಲಿಗೆ ಕರೆದೊಯ್ಯಿರಿ. ಎಷ್ಟೋ ಸಲ "ಮನಿಗೆ ಹೋಗಬೇಕು" ಅನ್ನೋದರ ಹಿಂದೆ ಮೂತ್ರಕ್ಕೆ ಹೋಗಬೇಕು ಅನ್ನೋದೇ ಇರ್ತದೆ. ರಾತ್ರಿ ನಿದ್ದೆ ಪೂರ್ತಿ ಕೆಟ್ಟಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಹಗಲು ಬಿಸಿಲಿನಲ್ಲಿ ಸ್ವಲ್ಪ ನಡೆಸೋದು, ಮಧ್ಯಾಹ್ನದ ಉದ್ದ ನಿದ್ದೆ ಕಡಿಮೆ ಮಾಡೋದು, ಇದೂ ನೋಡಿ.

ನಿಮಗೇ ತಡೆಯೋದಕ್ಕೆ ಆಗದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರ್ತದೆ. ಅದು ಕಾಯಿಲೆಯವರಿಗೆ ಮಾತ್ರ ಅಲ್ಲ, ನೋಡಿಕೊಳ್ಳುವವರಿಗೂ. ಹಿರಿಯ ನಾಗರಿಕರ ವಿಷಯಕ್ಕೆ 14567 ಇದೆ, ಅದು ಹಗಲು ಹೊತ್ತು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಹತ್ತಿರದಲ್ಲೇ ಇದೆ, ನಿಮ್ಮ ಸಲುವಾಗಿಯೂ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐಸಪೋರ್ಟ್ ಅಂತ ಮನೆಯವರಿಗಾಗಿಯೇ ಒಂದು ಕೈಪಿಡಿ ಮಾಡಿದೆ. ಅದರಲ್ಲಿ ನಿಮ್ಮ ಆರೈಕೆ ನೀವು ಮಾಡಿಕೊಳ್ಳೋದಕ್ಕೇ ಒಂದು ಭಾಗ ಇದೆ.

ಅಣ್ಣನಿಗೆ ಒಂದೇ ವಾಕ್ಯ ಕಳಿಸಿ: "ಅವ್ವಾ, ನಾ ನಿನ್ನ ಹಿರೇ ಮಗ, ಬೆಂಗಳೂರಿಂದ ಮಾತಾಡ್ಲಿಕ್ಕತ್ತೇನಿ" ಅಂತ ತಾನೇ ಹೇಳಿ ಶುರು ಮಾಡಲಿ. ಪ್ರಶ್ನೆ ಬೇಡ. "ನೆನಪೈತೇನು?" ಅನ್ನೋ ಮಾತನ್ನೇ ಬಿಡಲಿ.

ತಾಲೀಮು ಮನೆ

ನಟನೆ ಇನ್ನೊಂದು ಹೊರೆ ಆಗಬಾರದು ಅನ್ನೋದು ಸರಿ. ಆದರೆ ಒಂದು ಗಮನಿಸಿ: ವಾದ ಮಾಡೋದಕ್ಕೂ ಶಕ್ತಿ ಹೋಗ್ತದೆ. ಎಷ್ಟು ಹೋಗ್ತದೆ ಅಂತ ನಮಗೆ ತಿಳಿಯೋದಿಲ್ಲ, ಅಭ್ಯಾಸ ಆಗಿರ್ತದೆ ಅಲ್ವಾ. ಮತ್ತೆ ಈ ತಾಲೀಮಿನಲ್ಲಿ ಕಾಯಿಲೆಯವರು ಇರೋದಿಲ್ಲ. ಬರೀ ನೋಡಿಕೊಳ್ಳುವವರು. ತಮ್ಮ ಮನೆಯ ಜಗಳವನ್ನೇ ಬೇರೆಯವರು ಆಡಿದ್ದು ನೋಡಿ ನಗೋದು, ಬೈಯೋದು. ನಗು ಬಂದರೆ ತಪ್ಪೇನಿಲ್ಲ ಹಿರಿಯರೇ, ಅದು ನಿಮ್ಮ ಮನೆಯವರ ಮೇಲಿನ ನಗು ಅಲ್ಲ.

ನವನಗರ ನಿವೃತ್ತ

ನಗೋದು ಬಿಡಿ. ನನಗೊಂದು ಉತ್ತರ ಬೇಕು. ಅಪ್ಪನ ವಿಷಯದಲ್ಲಿ ನೀವು ಹೇಳಿದ್ದು ಮಾಡಿದೆ, "ಏನು ತರ್ತಿದ್ದರು" ಅಂತ ಕೇಳಿದೆ. ಲೈನ್ ಬಜಾರದ ಪೇಡೆ ಅಂದಳು. ಚೆನ್ನಾಗಿಯೇ ಮಾತಾಡಿದಳು. ಅದರಲ್ಲಿ ಸುಳ್ಳಿಲ್ಲ ಅಂತ ಒಪ್ಪುತ್ತೇನೆ. ಆದರೆ ಮೊನ್ನೆಯಿಂದ ನನ್ನನ್ನೇ ನೋಡಿ, "ನೀವು ನನ್ನ ಯಜಮಾನ್ರು ಅಲ್ಲ, ಅವರ ಹಂಗ ಕಾಣ್ತೀರಿ, ಮನಿ ಬಿಟ್ಟು ಹೋಗ್ರಿ" ಅಂತಾಳೆ. ಕೋಲು ಎತ್ತುತ್ತಾಳೆ. ಇದಕ್ಕೆ ಯಾವ ಹೌದು?

ನೈಟ್ ಡ್ಯೂಟಿ

ಸರ್, ಇದು ಹೊಸದಾಗಿ ಶುರುವಾದದ್ದಾದರೆ ಮೊದಲು ಡಾಕ್ಟರಿಗೆ ಹೇಳಿ, ತಡ ಮಾಡಬೇಡಿ. ಹತ್ತಿರದವರನ್ನೇ ಅವರ ಹಾಗೆ ಕಾಣುವ ಬೇರೆ ಯಾರೋ ಅಂದುಕೊಳ್ಳೋದು ಈ ಕಾಯಿಲೆಯ ಒಂದು ಲಕ್ಷಣ, ಲೆವಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದಲ್ಲೂ ಬರ್ತದೆ. ಅದು ಅವರಿಗೆ ನಿಮ್ಮ ಮೇಲಿನ ಸಿಟ್ಟಲ್ಲ. ಆ ಬಗೆಯಲ್ಲಿ ಕೆಲವು ಔಷಧಿಗಳು ಅಪಾಯ. ಹಾಗಾಗಿ ಹಳೆಯ ಮಾತ್ರೆ, ಪಕ್ಕದ ಮನೆಯವರ ಮಾತ್ರೆ ಕೊಡಲೇಬೇಡಿ. ಕೋಲು, ಚಾಕು ತೆಗೆದಿಡಿ.

ತಾಲೀಮು ಮನೆ

ಔಷಧಿಯ ಮಾತು ಅವರಿಗೇ ಬಿಟ್ಟೆ. ಆ ಗಳಿಗೆಗೆ ಒಂದು ಉಪಾಯ ಇದೆ. ಎಂಟ್ರಿ ಕೆಟ್ಟರೆ ನಾವು ಏನು ಮಾಡ್ತೇವೆ? ಅಲ್ಲೇ ನಿಂತು ಸರಿ ಮಾಡೋಕೆ ಹೋದರೆ ಇನ್ನೂ ಕೆಡ್ತದೆ. ನೇಪಥ್ಯಕ್ಕೆ ಹೋಗಿ ಮತ್ತೆ ಎಂಟ್ರಿ ತಗೋತೇವೆ. "ಹೌದ್ರಿ, ಹೊಂಟೆ" ಅಂತ ಮರ್ಯಾದೆಯಿಂದ ಹೊರಗೆ ಬನ್ನಿ. ದೂರ ಹೋಗಬೇಡಿ, ಅವರು ಕಣ್ಣಿಗೆ ಬೀಳುವ ಹಾಗೆ ಕಿಟಕಿ ಹತ್ತಿರ ಇರಿ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲಿನ ಹೊರಗಿಂದಲೇ ದಿನಾ ಕರೆಯೋ ಹಾಗೆ ಅವರ ಹೆಸರು ಹಿಡಿದು ಕರೀರಿ. ಮುಖ ಕಾಣೋ ಮೊದಲು ದನಿ ಕೇಳಲಿ. ಕೈಯಲ್ಲಿ ಚೀಲ ಇರಲಿ, ಕೆಲಸದಿಂದ ಬಂದ ಹಾಗೆ.

ನವನಗರ ನಿವೃತ್ತ

ಡಾಕ್ಟರಿಗೆ ತೋರಿಸಿದೆವು. ಮಾತ್ರೆ ಬದಲಾಯಿಸಿದ್ದಾರೆ. ದನಿಯ ಉಪಾಯ ಒಂದು ಸಲ ನಡೆಯಿತು, ಒಂದು ಸಲ ನಡೆಯಲಿಲ್ಲ. ನಡೆಯದ ದಿನ ಪಕ್ಕದ ಮನೆಯವರು ಬಂದು ಕೂತರು. ಚೀಲ ಹಿಡಿಯೋದು ಮಾತ್ರ ನನ್ನಿಂದ ಆಗಲಿಲ್ಲ. ಅದು ನನಗೆ ಈಗಲೂ ಸುಳ್ಳೇ.

ತಾಲೀಮು ಮನೆ

ಚೀಲ ಬೇಡವೇ ಬೇಡ ಬಿಡಿ. ನಿಮಗೆ ಸುಳ್ಳು ಅನಿಸಿದ್ದು ಅವರಿಗೂ ಸುಳ್ಳಾಗಿಯೇ ಕಾಣ್ತದೆ.

ವಿದ್ಯಾಗಿರಿ ಸೊಸೆ

ಸರಿ, ಈಗ ಕೆಲಸದ ಮಾತು. 2023ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ನಮ್ಮ ಅವಳಿ ನಗರದಲ್ಲೇ ಎಷ್ಟು ಮನೆ ಇರಬಹುದು ಲೆಕ್ಕ ಹಾಕಿ. ಒಂದು ಹತ್ತು ಜನ ಸೇರೋದು ಕಷ್ಟ ಅಲ್ಲ.

ಕಷ್ಟ ಇರೋದು ಬೇರೆ ಕಡೆ. ನಾವು ತಾಲೀಮಿಗೆ ಬಂದರೆ ಮನೆಯಲ್ಲಿ ಅವರನ್ನು ನೋಡೋರು ಯಾರು? ಇದಕ್ಕೆ ಉತ್ತರ ಇಲ್ಲದೆ ಯಾವ ತರಬೇತಿ ಇಟ್ಟರೂ ಬರುವವರು ಬಿಡುವಿದ್ದವರು ಮಾತ್ರ. ಬೇಕಾದವರು ಬರೋದಿಲ್ಲ. ನನ್ನ ಯೋಚನೆ: ಎರಡು ಕೋಣೆ ಇರುವ ಜಾಗ ಹುಡುಕೋಣ. ಒಂದರಲ್ಲಿ ನಾವು. ಇನ್ನೊಂದರಲ್ಲಿ ಅವರು, ಹಾಡಿನ ಜೊತೆ. ಭಜನೆ, ಸೋಬಾನ ಪದ, ಹಳೆಯ ರಂಗಗೀತೆ. ಮಾತು ಹೋದ ಮೇಲೂ ಹಾಡು ಉಳೀತದೆ ಅಂತ ನಮ್ಮನೆಯಲ್ಲೇ ನೋಡ್ತಾ ಇದ್ದೇನೆ.

ನೈಟ್ ಡ್ಯೂಟಿ

ಆ ಕೋಣೆಯಲ್ಲಿ ನಾನು ಇರ್ತೇನೆ, ನರ್ಸಿಂಗ್ ಓದುವ ಹುಡುಗಿಯರು ಇಬ್ಬರು ಮೂವರನ್ನು ಕರೆತರ್ತೇನೆ. ಬಚ್ಚಲು ಹತ್ತಿರ ಇರಬೇಕು, ಮೆಟ್ಟಿಲು ಇರಬಾರದು, ಬಾಗಿಲಿಗೆ ಚಿಲಕ ಇರಬೇಕು. ಸಂಜೆ ಬೇಡ, ಆ ಹೊತ್ತಿಗೆ ಅವರಿಗೆ ತಳಮಳ ಜಾಸ್ತಿ. ಬೆಳಿಗ್ಗೆ ಹನ್ನೊಂದರ ಸುಮಾರು ಇಡಿ. ಮತ್ತೆ ಯಾರೂ ಕಾಯಿಲೆ ವಾಸಿ ಆಗ್ತದೆ ಅಂತ ಹೇಳಿ ಜನ ಸೇರಿಸಬೇಡಿ. ಆಗೋದಿಲ್ಲ. ಮನೆಯಲ್ಲಿ ದಿನ ಸ್ವಲ್ಪ ಹಗುರ ಆಗಬಹುದು, ಅಷ್ಟೇ ಹೇಳಿ.

ತಾಲೀಮು ಮನೆ

ನಾನು ದುಡ್ಡು ತಗೊಳ್ಳೋದಿಲ್ಲ. ಧಾರವಾಡ ರಂಗಾಯಣದ ಕಡೆಯ ಗೆಳೆಯರನ್ನೂ ಕೇಳ್ತೇನೆ. ಹಾವೇರಿ ಕಡೆಯವರಿಗೆ ಒಂದು ಮಾತು, ಹಾನಗಲ್ಲ ತಾಲೂಕಿನ ಶೇಷಗಿರಿ ಊರಿಗೆ ಊರೇ ನಾಟಕದ್ದು. ಅಲ್ಲಿಯವರಿಗೆ ಈ ಆಟ ವಿವರಿಸೋ ಅಗತ್ಯವೇ ಇಲ್ಲ.

ಕೇಶ್ವಾಪುರ ಮಗಳು

ಅವ್ವನನ್ನು ಕರೆತರಬಹುದು ಅಂದರೆ ಬರ್ತೇನೆ. ಚಿಗರಿ ಬಸ್ಸಿನ ಸ್ಟಾಪ್ ಹತ್ತಿರ ಜಾಗ ನೋಡಿ, ಆಟೋದವರು ಅವಳನ್ನು ನೋಡಿ ಜಾಸ್ತಿ ಕೇಳ್ತಾರೆ. ಅಣ್ಣ ಈ ಸಲ ಊರಿಗೆ ಬಂದಾಗ ಅವನನ್ನೂ ಎಳೆದು ತರ್ತೇನೆ. ಅವನಿಗೆ ಎಲ್ಲದಕ್ಕೂ "ಇಲ್ಲ" ಅನ್ನೋ ಸುತ್ತಿನಲ್ಲಿ ನಾನೇ ಎದುರಿಗೆ ನಿಲ್ಲಬೇಕು. ಇದು ಷರತ್ತು. ನಮ್ಮ ಪಕ್ಕದ ಮನೆಯ ಆಪಾನೂ ಬರ್ತೀನಿ ಅಂದಿದ್ದಾರೆ, ಅವರ ಅತ್ತೆಗೆ ಉರ್ದು ಮಾತ್ರ ಉಳಿದಿದೆ. ಅಡ್ಡಿಯಿಲ್ಲ ತಾನೇ?

ತಾಲೀಮು ಮನೆ

ಯಾವ ಅಡ್ಡಿಯೂ ಇಲ್ಲ. ಒಂದು ಸುತ್ತು ಉರ್ದುವಿನಲ್ಲೇ ಆಡೋಣ, ನಮಗೆಲ್ಲ ಒಳ್ಳೆ ಅಭ್ಯಾಸ.

ನವನಗರ ನಿವೃತ್ತ

ನಾನು ಬರ್ತೇನೆ, ಆದರೆ ನೋಡೋಕೆ. ನನ್ನನ್ನು ನಡುವೆ ನಿಲ್ಲಿಸಬೇಡಿ. ಕುರ್ಚಿ ಇರಲಿ, ನೆಲದ ಮೇಲೆ ಕೂತರೆ ಏಳೋಕೆ ಆಗೋದಿಲ್ಲ.

ಹಾನಗಲ್ಲ ಹೊಲ

ಹುಬ್ಬಳ್ಳಿಗೆ ಬಂದು ಹೋದರೆ ನಮಗೆ ಇಡೀ ದಿನ ಹೋಯ್ತು. ಸುಗ್ಗಿ ಮುಗಿದ ಮೇಲೆ ಹಾವೇರಿಯಲ್ಲೂ ಒಂದು ಇಡ್ರಿ. ಮಧ್ಯಾಹ್ನ ಎರಡರೊಳಗೆ ಮುಗಿಸ್ರಿ, ಅಪ್ಪನನ್ನು ಕರೆದುಕೊಂಡು ತುಂಬಿದ ಬಸ್ಸಿನಲ್ಲಿ ಬರೋಕೆ ಆಗೋದಿಲ್ಲ. ಶೇಷಗಿರಿಯವರನ್ನು ನಾನು ಕೇಳಿ ಬರ್ತೇನೆ.